ಪಥ್ಯದವರಿಗೆ ದಿನಸಿ ಆ್ಯಪ್: ಹಸಿರು ಗುರುತು ಯಾವಾಗ ತೋರಿಸಬಹುದು?

ಚುಕ್ಕಿಗೆರೆ

ಎಲ್ಲರಿಗೂ ನಮಸ್ಕಾರ. ನಾನು ಆ್ಯಪ್‌ಗಳಿಗೆ ಸ್ಕ್ರೀನ್ ಡಿಸೈನ್ ಮಾಡುವವಳು. ನಾವು ಮೂವರು ಸೇರಿ ಪಥ್ಯದಲ್ಲಿರುವವರಿಗೆ ಒಂದು ದಿನಸಿ ಆ್ಯಪ್ ಮಾಡುತ್ತಿದ್ದೇವೆ. ಅಲರ್ಜಿ ಇರುವವರು, ಗ್ಲುಟನ್ (ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಆಗದವರು, ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆಯವರು, ನಂಬಿಕೆಯ ಕಾರಣಕ್ಕೆ ಕೆಲವನ್ನು ತಿನ್ನದವರು, ಎಲ್ಲರಿಗೂ ಉಪಯೋಗ ಆಗಬೇಕು ಎಂಬುದು ನಮ್ಮ ಆಸೆ. ಲೆಕ್ಕಾಚಾರ ಸರಳವಾಗಿತ್ತು. ಮೊದಲ ಸಲ ತೆರೆದಾಗ ನಿಮಗೆ ಆಗಿಬರದ್ದನ್ನು ಟಿಕ್ ಮಾಡಬೇಕು. ಆಮೇಲೆ ಪ್ಯಾಕೆಟ್ ಸ್ಕ್ಯಾನ್ ಮಾಡಿದರೆ ಹಸಿರು ಬರುತ್ತದೆ, ಇಲ್ಲವೇ ಕೆಂಪು ಬರುತ್ತದೆ.

ಹೋದ ವಾರ ಇದನ್ನು ಒಬ್ಬ ತಾಯಿಯ ಕೈಗೆ ಕೊಟ್ಟು ನೋಡಿದೆವು. ಅವರ ಮಗನಿಗೆ ಶೇಂಗಾ ಅಲರ್ಜಿ. ಒಂದು ಬಿಸ್ಕತ್ ಪ್ಯಾಕೆಟ್ ಸ್ಕ್ಯಾನ್ ಮಾಡಿದರು. ಹಸಿರು ಬಂತು. ಅವರು ಫೋನನ್ನು ಪಕ್ಕಕ್ಕಿಟ್ಟು, ಪ್ಯಾಕೆಟ್ ತಿರುಗಿಸಿ, ಸಣ್ಣಕ್ಷರದ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಪದ ಓದಿದರು. ಕೊನೆಗೆ ಅಂಟಿಸಿದ ಮಡಿಕೆಯನ್ನು ಉಗುರಿನಿಂದ ಬಿಡಿಸಿದರು. ಅದರ ಒಳಗೆ ಇತ್ತು: ಶೇಂಗಾ ಬಳಸುವ ಘಟಕದಲ್ಲಿ ತಯಾರಾಗಿದೆ ಅಂತ. ನಮ್ಮ ಮಾಹಿತಿಯಲ್ಲಿ ಆ ಸಾಲೇ ಇರಲಿಲ್ಲ.

ಅವರು ನಮ್ಮನ್ನು ಏನೂ ಅನ್ನಲಿಲ್ಲ. ಪ್ಯಾಕೆಟ್ ಕೆಳಗಿಟ್ಟರು. ಆದರೆ ಅಷ್ಟರಲ್ಲಿ ನಾವು ಹಸಿರು ತೋರಿಸಿ ಆಗಿತ್ತು. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಇಂಥ ಆ್ಯಪ್ ಯಾವಾಗ ಹಸಿರು ತೋರಿಸಬಹುದು? ಪಥ್ಯದ ಜೊತೆ ದಿನಾ ಬದುಕುವವರು ಹೇಳಿ.

ಗೋಧಿಬಿಟ್ಟವ

ನನಗೆ ಸೀಲಿಯಾಕ್ ಇದೆ, ಅಂದರೆ ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ. ಹನ್ನೊಂದು ವರ್ಷದಿಂದ ಪ್ಯಾಕೆಟ್‌ಗಳ ಬೆನ್ನು ಓದುತ್ತಿದ್ದೇನೆ. ಹಸಿರಿನ ಮಾತು ಆಮೇಲೆ. ನಿಮ್ಮ ಟಿಕ್ ಹಾಕುವ ಪಟ್ಟಿಯಲ್ಲೇ ತಪ್ಪಾಗುವ ಸಾಧ್ಯತೆ ಜಾಸ್ತಿ ಇದೆ.

ಬಹಳಷ್ಟು ಕಡೆ ಗೋಧಿ, ಗ್ಲುಟನ್ ಎರಡನ್ನೂ ಸೇರಿಸಿ ಒಂದೇ ಆಯ್ಕೆ ಮಾಡಿರುತ್ತಾರೆ. ಅವು ಬೇರೆ ಬೇರೆ. ಬಾರ್ಲಿಯಲ್ಲಿ, ರೈ ಎಂಬ ಧಾನ್ಯದಲ್ಲಿ ಗೋಧಿ ಇಲ್ಲ, ಆದರೆ ಗ್ಲುಟನ್ ಇದೆ. ಹಾಗಾಗಿ ‘ಗೋಧಿ ಇಲ್ಲ’ ಎಂದು ಬರೆದದ್ದು ನನಗೆ ಸಾಲದು. ಇದರ ಉಲ್ಟಾ ಕೂಡ ಇದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಒಂದು ಕಿಲೋದಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟದಿದ್ದರೆ ಅದನ್ನು ಗ್ಲುಟನ್ ರಹಿತ ಎಂದು ಕರೆಯಬಹುದು. ಅಮೆರಿಕ, ಯುರೋಪ್ ಒಕ್ಕೂಟ ಎರಡರಲ್ಲೂ ಇದೇ ಮಿತಿ. ಗ್ಲುಟನ್ ತೆಗೆದ ಗೋಧಿ ಪಿಷ್ಟ ಹಾಕಿದ ಬ್ರೆಡ್ ಕೂಡ ಈ ಮಿತಿಯೊಳಗೆ ಬರಬಹುದು. ನಾನು ಅದನ್ನು ತಿನ್ನಬಹುದು. ಗೋಧಿ ಅಲರ್ಜಿ ಇರುವವರು ತಿನ್ನುವ ಹಾಗಿಲ್ಲ. ಒಂದೇ ಬ್ರೆಡ್, ಇಬ್ಬರಿಗೆ ಎರಡು ಉತ್ತರ.

ಹೆಸರುಗಳ ಕಾಟ ಇನ್ನೊಂದು. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ. ಸ್ಪೆಲ್ಟ್, ಕೂಸ್‌ಕೂಸ್, ಸೈಟಾನ್ ಎಲ್ಲವೂ ಗೋಧಿಯ ಕಡೆಯವೇ. ಬಕ್‌ವೀಟ್ ಎಂಬುದರ ಹೆಸರಲ್ಲಿ ‘ವೀಟ್’, ಅಂದರೆ ಗೋಧಿ ಇದೆ, ಒಳಗೆ ಇಲ್ಲ. ಅಕ್ಷರ ಹುಡುಕುವ ಪ್ರೋಗ್ರಾಂ ಬರೆದು ಬಿಟ್ಟರೆ ಮಾಲ್ಟ್ ತಪ್ಪಿಸಿಕೊಳ್ಳುತ್ತದೆ, ಬಕ್‌ವೀಟ್ ಸುಮ್ನೆ ಸಿಕ್ಕಿಬೀಳುತ್ತದೆ. ಓಟ್ಸ್ ಅಂತೂ ಬೇರೆಯೇ ಕಥೆ. ಅದರಲ್ಲಿ ಗೋಧಿ ಇರುವುದಿಲ್ಲ. ಆದರೆ ಹೊಲದಲ್ಲೋ ಗಿರಣಿಯಲ್ಲೋ ಬೆರೆತಿರುತ್ತದೆ. ಬೆರಕೆ ಆಗದಂತೆ ಬೇರೆಯಾಗಿ ಬೆಳೆದು ತಂದ ಓಟ್ಸ್ ಕೂಡ ಸೀಲಿಯಾಕ್ ಇರುವ ಕೆಲವರಿಗೆ ಒಗ್ಗುವುದಿಲ್ಲ.

ಪಥ್ಯಪಾಠ

ನಾನು ಆಸ್ಪತ್ರೆಯಲ್ಲಿ ಡಯಟಿಷಿಯನ್. ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಜೋಡಿ ಸೇರಿಸುತ್ತೇನೆ. ಇದನ್ನು ನಾನು ದಿನಕ್ಕೆ ಮೂರು ಸಲ ವಿವರಿಸುತ್ತೇನೆ.

ಹಾಲು ಆಗುವುದಿಲ್ಲ ಎಂದು ಇಬ್ಬರು ಬರುತ್ತಾರೆ. ಒಬ್ಬರಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಆಗುತ್ತದೆ. ಇನ್ನೊಬ್ಬರಿಗೆ ಹಾಲಿನ ಪ್ರೋಟೀನ್ ಅಲರ್ಜಿ. ಅವರಿಗೆ ಉಸಿರೇ ಕಟ್ಟಬಹುದು. ಲ್ಯಾಕ್ಟೋಸ್ ರಹಿತ ಹಾಲು ಮೊದಲನೆಯವರಿಗೆ ಸರಿ. ಎರಡನೆಯವರಿಗೆ ಅದು ಮಾಮೂಲಿ ಹಾಲಿನಷ್ಟೇ ಅಪಾಯ, ಯಾಕಂದರೆ ಕೇಸಿನ್, ವೇ ಎಂಬ ಹಾಲಿನ ಪ್ರೋಟೀನ್‌ಗಳು ಎರಡೂ ಅದರಲ್ಲಿ ಇದ್ದೇ ಇರುತ್ತವೆ. ಇಬ್ಬರಿಗೂ ಒಂದೇ ‘ಹಾಲು ಬೇಡ’ ಗುಂಡಿ ಇಟ್ಟು, ಲ್ಯಾಕ್ಟೋಸ್ ರಹಿತ ಎಂದು ಬರೆದಿದ್ದನ್ನೆಲ್ಲ ಹಸಿರು ಮಾಡಿದರೆ ಏನಾಗುತ್ತದೆ ಯೋಚಿಸಿ.

ವೇಗನ್ ಗುರುತೂ ಹಾಗೆಯೇ. ಪ್ರಾಣಿಮೂಲದ ಪದಾರ್ಥವನ್ನು ಬೇಕೆಂದು ಹಾಕಿಲ್ಲ ಎಂದಷ್ಟೇ ಅದರ ಅರ್ಥ. ಅದೇ ಯಂತ್ರದಲ್ಲಿ ಬೆಳಗ್ಗೆ ಹಾಲಿನ ಚಾಕೊಲೇಟ್ ಸುರಿದಿರಬಹುದು. ವೇಗನ್ ಗುರುತು ಅಲರ್ಜಿಗೆ ಕೊಟ್ಟ ಭರವಸೆ ಅಲ್ಲ.

ಆದ್ದರಿಂದ ‘ಏನು ಬೇಡ’ ಎಂದು ಮಾತ್ರ ಕೇಳಬೇಡಿ. ‘ಯಾಕೆ ಬೇಡ, ಸ್ವಲ್ಪ ಸೇರಿದರೆ ಏನಾಗುತ್ತದೆ’ ಎಂದೂ ಕೇಳಿ. ಒಂದು ಚೂರು ಹೋದರೂ ಜೀವಕ್ಕೆ ಅಪಾಯ ಎನ್ನುವವರು, ಸ್ವಲ್ಪ ನಡೆಯುತ್ತದೆ ಎನ್ನುವವರು, ಆರೋಗ್ಯಕ್ಕೆ ಏನೂ ಆಗುವುದಿಲ್ಲ ಆದರೆ ಮನಸ್ಸು ಒಪ್ಪುವುದಿಲ್ಲ ಎನ್ನುವವರು, ಈ ಮೂವರಿಗೂ ಆ್ಯಪ್ ಬೇರೆ ಬೇರೆ ಥರ ನಡೆದುಕೊಳ್ಳಬೇಕು. ಮೂರನೆಯವರನ್ನು ಹಗುರವಾಗಿ ತೆಗೆದುಕೊಳ್ಳಿ ಎಂದು ಹೇಳುತ್ತಿಲ್ಲ. ಅವರ ಪಾಲಿಗೆ ಒಂದು ಚೂರೂ ದೊಡ್ಡದೇ. ಅದನ್ನು ಅವರೇ ಹೇಳಲಿ.

ಉಪ್ಪುಕಮ್ಮಿ

ನಮ್ಮ ತಂದೆಗೆ ಡಯಾಲಿಸಿಸ್ ನಡೆಯುತ್ತಿದೆ. ಒಂದು ಘಟನೆ ಹೇಳುತ್ತೇನೆ, ಯಾವ ಆ್ಯಪ್ ಅಂತ ಹೇಳುವುದಿಲ್ಲ.

ನಾನು ಅದರಲ್ಲಿ ‘ಉಪ್ಪು ಕಡಿಮೆ’ ಎಂದು ಗುರುತು ಹಾಕಿದ್ದೆ. ಉಪ್ಪಿನ ಪ್ಯಾಕೆಟ್ ಹುಡುಕಿದಾಗ ಅದು ‘ನಿಮಗೆ ಇದು ಒಳ್ಳೆಯದು’ ಎಂದು ಇನ್ನೊಂದು ತೋರಿಸಿತು. ಸೋಡಿಯಂ ಕಡಿಮೆ ಇರುವ ಉಪ್ಪು. ತರಿಸಿದೆ. ಅಪ್ಪನಿಗೆ ಇನ್ನೂ ಹಾಕಿರಲಿಲ್ಲ, ಅಕ್ಕ ಡಬ್ಬಿಗೆ ಸುರಿಯುವ ಮುಂಚೆ ಪ್ಯಾಕೆಟ್ ಓದಿದಳು. ಪೊಟ್ಯಾಸಿಯಂ ಕ್ಲೋರೈಡ್. ಅಪ್ಪನಿಗೆ ಡಾಕ್ಟರ್ ಕಟ್ಟುನಿಟ್ಟಾಗಿ ಬೇಡ ಎಂದಿರುವುದೇ ಪೊಟ್ಯಾಸಿಯಂ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ರಕ್ತದಲ್ಲಿ ಏರುತ್ತದೆ, ಹೃದಯದ ಬಡಿತವೇ ತಪ್ಪಬಹುದು.

ಆ ಆ್ಯಪ್ ಸುಳ್ಳು ಹೇಳಿರಲಿಲ್ಲ. ಸೋಡಿಯಂ ನಿಜವಾಗಿಯೂ ಕಮ್ಮಿ ಇತ್ತು. ಅದಕ್ಕೇ ನನಗೆ ಇವತ್ತಿಗೂ ಭಯ.

ಪಥ್ಯಪಾಠ

@ಉಪ್ಪುಕಮ್ಮಿ, ನಿಮ್ಮ ಅಕ್ಕ ಓದಿದ್ದು ಎಷ್ಟು ಒಳ್ಳೆಯದಾಯಿತು. ಇದು ಅಪರೂಪದ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಬದಲಿ ಉಪ್ಪಿನ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಸಾಮಾನ್ಯ ವಯಸ್ಕರು ಬಳಸಬಹುದು ಎನ್ನುವ ಆ ಸಲಹೆ ಕಿಡ್ನಿ ತೊಂದರೆ ಇರುವವರಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಹೇಳಿದೆ. ಬಹಳ ಜನಕ್ಕೆ ಒಳ್ಳೆಯದಾಗುವ ವಸ್ತುವೇ ಕೆಲವರಿಗೆ ಅಪಾಯ.

ಕಿಡ್ನಿಯವರಿಗೆ ಫಾಸ್ಫರಸ್ ಕೂಡ ನೋಡಬೇಕು. ಎಷ್ಟೋ ಲೇಬಲ್‌ಗಳಲ್ಲಿ ಅದರ ಪ್ರಮಾಣ ಬರೆದೇ ಇರುವುದಿಲ್ಲ. ಕಾಳುಗಳಲ್ಲಿ ಸಹಜವಾಗಿ ಇರುವ ಫಾಸ್ಫರಸ್‌ಗಿಂತ ತಯಾರಿಕೆಯಲ್ಲಿ ಸೇರಿಸಿದ ಫಾಸ್ಫೇಟನ್ನು ದೇಹ ಜಾಸ್ತಿ ಹೀರಿಕೊಳ್ಳುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ‘ಫಾಸ್ಫೇಟ್’ ಎಂಬ ಪದ, ಇಲ್ಲವೇ 338ರಿಂದ 341, 450ರಿಂದ 452 ಎಂಬ ಸೇರ್ಪಡೆ ಪದಾರ್ಥಗಳ ಸಂಖ್ಯೆಗಳು ಕಂಡರೆ ಎಚ್ಚರಿಸಿ. ಇಂಥ ಕೆಲಸ ಯಂತ್ರಕ್ಕೆ ಸುಲಭ, ಮನುಷ್ಯರ ಕಣ್ಣಿಗೆ ಕಷ್ಟ. ಆ್ಯಪ್ ನಿಜವಾಗಿ ನೆರವಿಗೆ ಬರುವುದು ಇಂಥ ಕಡೆ.

ಇನ್ನೊಂದು ಮಾತು. ಅಲರ್ಜಿಯಲ್ಲಿ ಒಂದು ಪ್ಯಾಕೆಟ್ ನೋಡಿದರೆ ಸಾಕು, ಇದೆಯೋ ಇಲ್ಲವೋ. ಸಕ್ಕರೆ ಕಾಯಿಲೆ, ಉಪ್ಪಿನ ಪಥ್ಯ ಹಾಗಲ್ಲ. ಅಲ್ಲಿ ಲೆಕ್ಕ ಇಡೀ ದಿನದ್ದು. ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಸೂಪ್ ಪ್ಯಾಕೆಟ್ ಕೆಂಪೋ ಹಸಿರೋ ಎಂದು ಅದೊಂದನ್ನೇ ನೋಡಿ ಹೇಗೆ ಹೇಳುತ್ತೀರಿ? ಅಲ್ಲಿ ಬಣ್ಣ ಬೇಡ, ಅಂಕಿ ಕೊಡಿ. ಅದೂ ಒಂದು ಬಟ್ಟಲಿಗೆ ಎಷ್ಟು ಎಂದು. ‘ಸಕ್ಕರೆ ಇಲ್ಲ’ ಎಂಬ ಬರಹಕ್ಕೂ ಮರುಳಾಗಬೇಡಿ, ಸಕ್ಕರೆ ಕಾಯಿಲೆಯವರು ನೋಡಬೇಕಾದದ್ದು ಒಟ್ಟು ಕಾರ್ಬೋಹೈಡ್ರೇಟ್.

ಸಾಲುಕೋಡ್

ನಾನು ಡೇಟಾಬೇಸ್ ಕಡೆಯವನು. ಚುಕ್ಕಿಗೆರೆ ಅವರೇ, ನಿಮ್ಮ ಹಸಿರು ಎಲ್ಲಿಂದ ಬಂತು ಎಂದು ನನಗೆ ಅಂದಾಜಿದೆ. ನಿಮ್ಮ ಟೇಬಲ್‌ನಲ್ಲಿ ಶೇಂಗಾ ಎಂಬ ಕಾಲಂ ಇದೆ. ಅದರಲ್ಲಿ ಹೌದು ಅಥವಾ ಅಲ್ಲ. ಮಾಹಿತಿಯೇ ಇಲ್ಲದ ಜಾಗದಲ್ಲಿ ಏನು ಬರುತ್ತದೆ? ಖಾಲಿ. ಪ್ರೋಗ್ರಾಂ ಖಾಲಿಯನ್ನು ‘ಅಲ್ಲ’ ಎಂದು ಓದುತ್ತದೆ. ‘ಅಲ್ಲ’ ಹಸಿರಾಗುತ್ತದೆ. ನಿಮಗೆ ಗೊತ್ತಿಲ್ಲದ್ದು ಆ ತಾಯಿಗೆ ‘ಇಲ್ಲ’ ಎಂದು ಕಂಡಿತು.

ಮೊದಲು ಇದನ್ನು ಸರಿ ಮಾಡಿ. ಪ್ರತಿ ಪದಾರ್ಥಕ್ಕೂ ನಾಲ್ಕು ಸ್ಥಿತಿ ಇರಲಿ: ಇದೆ, ಬೆರೆತಿರಬಹುದು, ಲೇಬಲ್‌ನಲ್ಲಿ ಕಂಡಿಲ್ಲ, ನಮಗೆ ಗೊತ್ತಿಲ್ಲ. ಕೊನೆಯ ಎರಡನ್ನು ಯಾವ ಕಾರಣಕ್ಕೂ ಒಟ್ಟು ಮಾಡಬೇಡಿ.

‘ಬೆರೆತಿರಬಹುದು’ ಎನ್ನುವುದರ ಬಗ್ಗೆ ಒಂದು ವಿಷಯ ಗೊತ್ತಿರಲಿ. ಅಮೆರಿಕದಲ್ಲಿ, ಯುರೋಪ್ ಒಕ್ಕೂಟದಲ್ಲಿ ಆ ಸಾಲನ್ನು ಬರೆಯಲೇಬೇಕು ಎಂಬ ನಿಯಮ ಇಲ್ಲ, ತಯಾರಕರು ತಾವಾಗಿಯೇ ಹಾಕುವಂಥದ್ದು. ಹಾಗಾಗಿ ಆ ಸಾಲು ಇಲ್ಲ ಎಂದ ಮಾತ್ರಕ್ಕೆ ಬೆರಕೆ ಇಲ್ಲ ಎಂದು ಹೇಳಲಾಗದು.

ಯಾವ ಅಲರ್ಜಿಗಳನ್ನು ಬರೆಯಬೇಕು ಎಂಬುದೂ ದೇಶಕ್ಕೊಂದು ಥರ. ಯುರೋಪ್ ಒಕ್ಕೂಟದ ಪಟ್ಟಿಯಲ್ಲಿ 14 ಇವೆ. ಸೆಲರಿ, ಸಾಸಿವೆ, ಲುಪಿನ್ ಎಂಬ ಕಾಳು ಎಲ್ಲ ಅದರಲ್ಲಿವೆ. ಅಮೆರಿಕದಲ್ಲಿ 9. ಅಲ್ಲಿ ಸಾಸಿವೆ ಆ ಪಟ್ಟಿಯಲ್ಲಿ ಇಲ್ಲ, ‘ಮಸಾಲೆ’ ಎಂಬ ಒಂದೇ ಪದದೊಳಗೆ ಅಡಗಿರಬಹುದು. ಜಪಾನಿನಲ್ಲಿ ಬಕ್‌ವೀಟ್ ಬರೆಯಲೇಬೇಕು. ಅಂದರೆ ಆಮದಾದ ಪ್ಯಾಕೆಟ್‌ನ ಮೌನಕ್ಕೆ ಅರ್ಥ ಆ ದೇಶದ ಕಾನೂನಿನ ಮೇಲೆ ನಿಂತಿದೆ.

ಚುಕ್ಕಿಗೆರೆ

@ಸಾಲುಕೋಡ್, ಈಗಷ್ಟೇ ನಮ್ಮ ಹುಡುಗನ ಹತ್ತಿರ ಟೇಬಲ್ ತೆಗೆಸಿ ನೋಡಿದೆ. ನೀವು ಹೇಳಿದ್ದು ಹಾಗೆಯೇ ಇದೆ. ಖಾಲಿ ಇದ್ದದ್ದೆಲ್ಲ ಹಸಿರು. ಇವತ್ತು ಮಧ್ಯಾಹ್ನವೇ ಅದನ್ನು ನಿಲ್ಲಿಸಿದ್ದೇವೆ.

ಒಂದು ಪ್ರಶ್ನೆ. ಒಮ್ಮೆ ಲೇಬಲ್ ಪೂರ್ತಿ ಓದಿ ತುಂಬಿಸಿದ ಮೇಲೆ ಆ ಬಾರ್‌ಕೋಡ್‌ಗೆ ಅದು ಖಾಯಂ ಅಲ್ವಾ?

ಸಾಲುಕೋಡ್

ಅಲ್ಲ. ಎಳ್ಳಿನ ಕಥೆ ಕೇಳಿ.

ಅಮೆರಿಕದಲ್ಲಿ 2021ರಲ್ಲಿ ಒಂದು ಕಾಯ್ದೆ ಬಂತು. 2023ರ ಜನವರಿ 1ರಿಂದ ಎಳ್ಳು ಒಂಬತ್ತನೇ ಪ್ರಮುಖ ಅಲರ್ಜಿ ಪದಾರ್ಥವಾಯಿತು. ಎಳ್ಳು ಆಗದವರು ಎಷ್ಟೋ ವರ್ಷ ಕಾದು ಪಡೆದದ್ದು. ಆದರೆ ಕೆಲವು ಬೇಕರಿ ಕಂಪನಿಗಳಿಗೆ ಯಂತ್ರಗಳಿಂದ ಎಳ್ಳಿನ ಚೂರು ಪೂರ್ತಿ ತೆಗೆಯುವುದು ಕಷ್ಟವಾಯಿತು. ಅವರು ಬ್ರೆಡ್‌ಗೆ ಬೇಕೆಂದೇ ಸ್ವಲ್ಪ ಎಳ್ಳಿನ ಹಿಟ್ಟು ಸೇರಿಸಿ, ಪಟ್ಟಿಯಲ್ಲಿ ಎಳ್ಳು ಎಂದು ಬರೆದುಬಿಟ್ಟರು. ಹಾಗೆ ಮಾಡಿದರೆ ಕಾನೂನಿನ ಪ್ರಕಾರ ಲೇಬಲ್ ಸರಿ. ವರ್ಷಗಟ್ಟಲೆ ಅದೇ ಬ್ರೆಡ್ ತಿನ್ನುತ್ತಿದ್ದವರಿಗೆ ಒಂದು ದಿನ ಅದು ಆಗದ ಬ್ರೆಡ್ ಆಯಿತು. ಹಳೆಯ ಮಾಹಿತಿ ಇಟ್ಟುಕೊಂಡ ಆ್ಯಪ್ ಅಲ್ಲಿ ಏನು ತೋರಿಸುತ್ತಿತ್ತು?

ಬಾರ್‌ಕೋಡ್ ನೋಡಿಕೊಳ್ಳುವ ಜಿಎಸ್1 ಸಂಸ್ಥೆಯ ನಿಯಮದಲ್ಲಿ, ಲೇಬಲ್‌ನಲ್ಲಿ ಘೋಷಿಸಿದ ಪದಾರ್ಥ ಬದಲಾದರೆ ಹೊಸ ಸಂಖ್ಯೆ ಕೊಡಬೇಕು ಎಂದಿದೆ. ಎಲ್ಲರೂ ಪಾಲಿಸುತ್ತಾರೆ ಎಂದು ನಂಬಿ ಆ್ಯಪ್ ಕಟ್ಟಬೇಡಿ. ಮಾಮೂಲಿ ಗೆರೆಗಳ ಬಾರ್‌ಕೋಡ್‌ನಲ್ಲಿ ವಸ್ತು ಯಾವುದು ಎಂಬುದಷ್ಟೇ ಇರುತ್ತದೆ, ಯಾವ ಬ್ಯಾಚ್ ಎಂದು ಇರುವುದಿಲ್ಲ. ಚೌಕಾಕಾರದ ಹೊಸ ಕೋಡ್‌ಗಳಲ್ಲಿ ಬ್ಯಾಚ್ ಸಂಖ್ಯೆಯನ್ನೂ ಸೇರಿಸಬಹುದು. 2027ರ ಕೊನೆಯ ಹೊತ್ತಿಗೆ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳು ಅವನ್ನು ಓದುವಂತಾಗಬೇಕು ಎಂಬುದು ಜಿಎಸ್1 ಇಟ್ಟುಕೊಂಡ ಗುರಿ. ಅಲ್ಲಿಯವರೆಗೆ ನಿಮ್ಮ ಕೈಲಿರುವುದು ಒಂದೇ: ಈ ಮಾಹಿತಿ ಯಾವ ದಿನ, ಯಾವ ಪ್ಯಾಕೆಟ್ ನೋಡಿ ಬರೆದದ್ದು ಎಂಬುದನ್ನು ಪ್ರತಿ ಸಲ ಕಣ್ಣಿಗೆ ಕಾಣುವಂತೆ ತೋರಿಸುವುದು. ಜೊತೆಗೆ ಲೇಬಲ್‌ನ ಫೋಟೋ. ಓಪನ್ ಫುಡ್ ಫ್ಯಾಕ್ಟ್ಸ್ ಎಂಬ ಮುಕ್ತ ಡೇಟಾಬೇಸ್ 2012ರಿಂದ ಇದೆ. ಅದರಲ್ಲಿ ಜನರೇ ಲೇಬಲ್ ಫೋಟೋ ತೆಗೆದು ಸೇರಿಸುತ್ತಾರೆ. ಅದನ್ನು ನೋಡಿ ಕಲಿಯುವುದು ಬಹಳ ಇದೆ.

ಬೇಗಮುಗಿಸು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಇಂಥದೊಂದು ಆ್ಯಪ್‌ಗೆ ಕೆಲಸ ಮಾಡಿದ್ದೇನೆ. ಎಲ್ಲದಕ್ಕೂ ‘ಗೊತ್ತಿಲ್ಲ’, ‘ನೀವೇ ಓದಿ’ ಎಂದರೆ ಆ್ಯಪ್ ಯಾಕೆ ಬೇಕು? ಜನ ಎರಡು ದಿನ ನೋಡುತ್ತಾರೆ, ಮೂರನೇ ದಿನ ತೆಗೆದುಹಾಕುತ್ತಾರೆ. ಎಚ್ಚರಿಕೆ ಅತಿಯಾದರೆ ಯಾರೂ ಓದುವುದಿಲ್ಲ. ಕೊನೆಗೆ ನಿಜವಾದ ಎಚ್ಚರಿಕೆಯೂ ಕಣ್ಣಿಗೆ ಬೀಳುವುದಿಲ್ಲ. ಇದೂ ಅಪಾಯವೇ ಅಲ್ವಾ?

ಗೋಧಿಬಿಟ್ಟವ

@ಬೇಗಮುಗಿಸು, ನಿಮ್ಮ ಮಾತಿನಲ್ಲಿ ಸತ್ಯ ಇದೆ. ನನ್ನ ಅನುಭವ ಹೇಳುತ್ತೇನೆ.

ಅಂಗಡಿಯಲ್ಲಿ ಬ್ರೆಡ್, ಬಿಸ್ಕತ್ ಇರುವ ಸಾಲಿನ ಮುಂದೆ ನಿಂತರೆ ನನ್ನ ಮುಂದೆ ನಲವತ್ತು ಪ್ಯಾಕೆಟ್ ಇರುತ್ತವೆ. ಮೂವತ್ತೈದರಲ್ಲಿ ಗ್ಲುಟನ್ ಖಂಡಿತ ಇದೆ. ಅದನ್ನು ಕಂಡುಹಿಡಿಯಲು ನಾನು ಒಂದೊಂದನ್ನೂ ಎತ್ತಿ ತಿರುಗಿಸಬೇಕು. ಹಿಂದೆ ಯಾರೋ ಕಾಯುತ್ತಿರುತ್ತಾರೆ. ಕನ್ನಡಕ ಹಣೆಗೆ ಏರಿಸಿ, ಪ್ಯಾಕೆಟನ್ನು ಮೂಗಿನ ಹತ್ತಿರ ಹಿಡಿದುಕೊಂಡಿರುತ್ತೇನೆ. ಈ ಮೂವತ್ತೈದನ್ನು ಆ್ಯಪ್ ಪಕ್ಕಕ್ಕೆ ಸರಿಸಿದರೆ ಉಳಿದ ಐದನ್ನು ನಾನೇ ಓದುತ್ತೇನೆ. ಖುಷಿಯಿಂದ ಓದುತ್ತೇನೆ.

‘ಇದೆ’ ಎಂದು ಹೇಳುವುದು ಆ್ಯಪ್‌ಗೆ ಸುಲಭ. ಲೇಬಲ್‌ನಲ್ಲಿ ಗೋಧಿ ಎಂದಿದ್ದರೆ ಇದೆ, ಮುಗಿಯಿತು. ಹಳೆಯ ಮಾಹಿತಿಯಾದರೂ ನನಗೆ ಒಂದು ಬ್ರೆಡ್ ತಪ್ಪಬಹುದು, ಆಸ್ಪತ್ರೆ ಪಾಲಾಗುವುದಿಲ್ಲ. ‘ಇಲ್ಲ’ ಎಂದು ಹೇಳುವುದೇ ಕಷ್ಟ. ಆ್ಯಪ್ ಒಂದು ಜರಡಿ ಆಗಲಿ. ಕಲ್ಲು ತೆಗೆಯಲಿ. ಉಳಿದದ್ದನ್ನು ಕೈಯಲ್ಲಿ ಆರಿಸುವುದು ನಮಗೆ ರೂಢಿ ಇದೆ.

ಬೇಗಮುಗಿಸು

ಇದು ಒಪ್ಪುವ ಮಾತು. ಹೀಗಾದರೆ ಎಚ್ಚರಿಕೆಗಳ ಸಂಖ್ಯೆಯೂ ಕಡಿಮೆ ಆಗುತ್ತದೆ. ಆಗದ್ದು ಮೊದಲೇ ಪಕ್ಕಕ್ಕೆ ಹೋಗಿರುತ್ತದೆ. ಆದರೆ ಪೂರ್ತಿ ಮಾಯ ಮಾಡಬೇಡಿ. ಯಾಕೆ ತೆಗೆದಿರಿ ಎಂದು ಒಂದು ಸಾಲಿನಲ್ಲಿ ಹೇಳಿ, ‘ಮಾಲ್ಟ್ ಇದೆ’ ಎಂಬ ಹಾಗೆ. ಇಲ್ಲದಿದ್ದರೆ ಅಂಗಡಿಯಲ್ಲಿ ಆ ವಸ್ತುವೇ ಇಲ್ಲ ಅಂದುಕೊಳ್ಳುತ್ತಾರೆ.

ಕಪಾಟು

ನಾನು ಆನ್‌ಲೈನ್ ಆರ್ಡರ್‌ಗಳ ಸಾಮಾನು ಎತ್ತಿಕೊಡುವ ಕೆಲಸ ಮಾಡುತ್ತೇನೆ. ಗೋದಾಮಿನ ಕಡೆಯಿಂದ ಒಂದು ಮಾತು. ಇಷ್ಟು ಹೊತ್ತು ಎಲ್ಲರೂ ಸ್ಕ್ಯಾನ್ ಬಗ್ಗೆಯೇ ಮಾತಾಡಿದಿರಿ. ಕಪಾಟಿನಲ್ಲಿ ಆ ಸಾಮಾನು ಖಾಲಿ ಆದಾಗ ಏನಾಗುತ್ತದೆ?

ನನ್ನ ಕೈಯಲ್ಲಿರುವ ಯಂತ್ರ ‘ಬದಲಿ ಹಾಕಿ’ ಎನ್ನುತ್ತದೆ. ಅದೇ ಜಾತಿಯದ್ದು, ಅದೇ ತೂಕದ್ದು ತೋರಿಸುತ್ತದೆ. ಒಂದು ಸಾಮಾನಿಗೆ ನನಗೆ ಸಿಗುವುದು ಕೆಲವೇ ಸೆಕೆಂಡು. ಸೋಯಾ ಹಾಲು ಖಾಲಿ ಆದರೆ ಪಕ್ಕದ ಬಾದಾಮಿ ಹಾಲು ಚೀಲಕ್ಕೆ ಹೋಗುತ್ತದೆ. ಕೊಂಡವರಿಗೆ ಯಾಕೆ ಸೋಯಾ ಬೇಕಿತ್ತು ಎಂದು ನನಗೆ ಗೊತ್ತಿರುವುದಿಲ್ಲ. ರುಚಿಗೋ, ಬಾದಾಮಿ ಅಲರ್ಜಿಗೋ?

ಒಮ್ಮೆ ಒಬ್ಬರು ಆರ್ಡರ್ ಜೊತೆಗಿನ ಸೂಚನೆಯಲ್ಲಿ ‘ಮಗುವಿಗೆ ಬೀಜಗಳು ಅಪಾಯ, ದಯವಿಟ್ಟು ಬದಲಿ ಬೇಡ’ ಎಂದು ಬರೆದಿದ್ದರು. ನನಗೆ ಆ ಸೂಚನೆ ಕಂಡದ್ದು ಚೀಲ ಕಟ್ಟಿದ ಮೇಲೆ. ತೆರೆದು ನೋಡಿದೆ, ಒಂದು ಬದಲಿ ಹಾಕಿದ್ದೆ. ತೆಗೆದೆ. ಮನೆಗೆ ಹೋಗಿಬಿಟ್ಟಿದ್ದರೆ ಎಂದು ಆ ರಾತ್ರಿ ಎಷ್ಟೋ ಸಲ ಅಂದುಕೊಂಡೆ.

ನಿಮ್ಮ ಆ್ಯಪ್‌ನಲ್ಲಿ ಅಲರ್ಜಿ ಎಂದು ಹೇಳಿದವರಿಗೆ ಬದಲಿ ತಾನಾಗಿ ಬಂದ್ ಆಗಿರಲಿ. ಬೇಕಾದವರು ತೆರೆದುಕೊಳ್ಳಲಿ, ಇಲ್ಲವೇ ಯಾವುದು ನಡೆಯುತ್ತದೆ ಎಂದು ಮೊದಲೇ ಆರಿಸಿಡಲಿ. ಆ ಸೂಚನೆ ನಮಗೆ ಸಾಮಾನು ಎತ್ತುವ ಮುಂಚೆ, ಅದೇ ಸಾಲಿನಲ್ಲಿ ಕಾಣಲಿ. ಕಾಯಿಲೆಯ ಹೆಸರು ನಮಗೆ ಬೇಡ. ‘ಬದಲಿ ಬೇಡ’ ಎಂಬುದಷ್ಟೇ ಸಾಕು.

ಉಪ್ಪುಕಮ್ಮಿ

ಕಪಾಟು ಅವರೇ, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಚೀಲ ಕಟ್ಟುವವರು ಇಷ್ಟು ಯೋಚಿಸುತ್ತಾರೆ ಎಂದು ನಮಗೆ ಗೊತ್ತೇ ಇರಲಿಲ್ಲ.

ಕಾಯಿಲೆಯ ಹೆಸರು ಬೇಡ ಎಂದಿರಲ್ಲ, ಅದರ ಮೇಲೆ ನನ್ನದೂ ಒಂದು ಕೋರಿಕೆ. ಅಪ್ಪನ ಪಥ್ಯದ ಪಟ್ಟಿ ಅವರ ಫೋನಿನಲ್ಲೇ ಇರಲಿ. ಯಾರದೋ ಸರ್ವರ್‌ಗೆ, ಜಾಹೀರಾತಿನವರಿಗೆ ಹೋಗುವುದು ಬೇಡ. ತಿನ್ನದ ಪದಾರ್ಥಗಳ ಪಟ್ಟಿ ನೋಡಿದರೆ ಕಾಯಿಲೆಯೂ ತಿಳಿಯುತ್ತದೆ, ಧರ್ಮವೂ ತಿಳಿಯುತ್ತದೆ. ಜಿಡಿಪಿಆರ್ ಎಂಬ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಈ ಎರಡನ್ನೂ ವಿಶೇಷ ರಕ್ಷಣೆಯ ಮಾಹಿತಿ ಎಂದು ಎಣಿಸುತ್ತದೆ. ಫೋನಿನಲ್ಲೇ ಇಟ್ಟರೆ ಇನ್ನೊಂದು ಲಾಭ, ಅಂಗಡಿಯ ಒಳಗೆ ನೆಟ್‌ವರ್ಕ್ ಸಿಗದಿದ್ದರೂ ಕೆಲಸ ಮಾಡುತ್ತದೆ.

ಮತ್ತೆ, ಒಂದೇ ಮನೆಯಲ್ಲಿ ಇಬ್ಬರ ಪಥ್ಯ ಇರುತ್ತದೆ. ಅಪ್ಪನಿಗೆ ಆಗದ್ದು ಅಮ್ಮನಿಗೆ ಬೇಕು. ಯಾರಿಗೆ ಆಗುವುದಿಲ್ಲ ಎಂದು ಹೆಸರಿನ ಜೊತೆ ತೋರಿಸಿ.

ಪಥ್ಯಪಾಠ

ಬಣ್ಣದ ಬಗ್ಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ. ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದವರು ಬಹಳ ಜನ ಇದ್ದಾರೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಜನಕ್ಕೆ ಒಬ್ಬರು. ಬಣ್ಣ ಇರಲಿ, ಆದರೆ ಪದ ಇಲ್ಲದೆ ಬಣ್ಣ ಬೇಡ. ‘ಶೇಂಗಾ ಇದೆ’ ಎಂದು ದೊಡ್ಡದಾಗಿ ಬರೆಯಿರಿ. ವಯಸ್ಸಾದವರಿಗೆ ಓದಿ ಹೇಳುವ ಗುಂಡಿಯೂ ಇರಲಿ.

ಚುಕ್ಕಿಗೆರೆ

ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡು ಕೂತೆವು.

ಹಸಿರು ತೆಗೆದಿದ್ದೇವೆ. ‘ಸುರಕ್ಷಿತ’ ಎಂಬ ಪದ ಈಗ ಆ್ಯಪ್‌ನಲ್ಲಿ ಎಲ್ಲೂ ಇಲ್ಲ. ಆಗದ್ದು ಇದ್ದರೆ ಮೇಲೆ ‘ಶೇಂಗಾ ಇದೆ’, ಕೆಳಗೆ ಯಾರಿಗೆ ಆಗುವುದಿಲ್ಲ ಎಂಬ ಹೆಸರು. ಕಾಣದಿದ್ದರೆ ‘ಈ ಲೇಬಲ್‌ನಲ್ಲಿ ಶೇಂಗಾ ಕಂಡಿಲ್ಲ’ ಎಂಬ ಸಾಲು, ಲೇಬಲ್‌ನ ಫೋಟೋ, ಫೋಟೋ ತೆಗೆದ ದಿನ. ಮಾಹಿತಿ ಇಲ್ಲದಿದ್ದರೆ ಬೂದು ಬಣ್ಣದಲ್ಲಿ ‘ನಮಗೆ ಗೊತ್ತಿಲ್ಲ’. ಗೋಧಿ, ಗ್ಲುಟನ್ ಬೇರೆ ಮಾಡಿದೆವು. ಹಾಲು, ಲ್ಯಾಕ್ಟೋಸ್ ಬೇರೆ ಮಾಡಿದೆವು. ಅಲರ್ಜಿ ಎಂದವರಿಗೆ ಬದಲಿ ಬಂದ್. ‘ನಿಮಗೆ ಇದು ಒಳ್ಳೆಯದು’ ಎಂದು ನಾವಾಗಿ ಸೂಚಿಸುವುದನ್ನು ಪೂರ್ತಿ ಬಿಟ್ಟೆವು. ಆ ಉಪ್ಪಿನ ಘಟನೆ ಓದಿದ ಮೇಲೆ ಅದನ್ನು ಉಳಿಸಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಬೂದು ಜಾಸ್ತಿ ಆಗಿದೆ, ನಿಜ. ಹತ್ತು ಪ್ಯಾಕೆಟ್ ಸ್ಕ್ಯಾನ್ ಮಾಡಿದರೆ ನಾಲ್ಕು ಬೂದು ಬರುತ್ತಿವೆ. ಅದು ನಮ್ಮ ಕೆಲಸದ ಪಟ್ಟಿ.

ನಿನ್ನೆ ಆ ತಾಯಿಯನ್ನು ಮತ್ತೆ ಕರೆದೆವು. ಅದೇ ಬಿಸ್ಕತ್ ಸ್ಕ್ಯಾನ್ ಮಾಡಿದರು. ಈ ಸಲ ಬೂದು. ಅದರ ಕೆಳಗೆ ‘ಮಡಿಕೆಯೊಳಗೂ ನೋಡಿ, ಫೋಟೋ ತೆಗೆಯಿರಿ’ ಎಂದಿತ್ತು. ಅವರು ಮಡಿಕೆ ಬಿಡಿಸಿ, ಪ್ಯಾಕೆಟನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದರು. ಸ್ವಲ್ಪ ಹೊತ್ತಿಗೆ ಆ ಸಾಲಿನ ಸುತ್ತ ಗೆರೆ ಬಂದು, ಮೇಲೆ ‘ಶೇಂಗಾ ಬೆರೆತಿರಬಹುದು’ ಎಂದು ಬಂತು. ‘ಇನ್ನು ಇದನ್ನು ಸ್ಕ್ಯಾನ್ ಮಾಡುವ ಬೇರೆಯವರಿಗೂ ಕಾಣುತ್ತದಾ?’ ಎಂದು ಕೇಳಿದರು. ನಮ್ಮಲ್ಲೊಬ್ಬರು ಆ ಫೋಟೋ ನೋಡಿ ಒಪ್ಪಿದ ಮೇಲೆ ಕಾಣುತ್ತದೆ ಎಂದೆ. ಆಮೇಲೆ ಅವರು ತಮ್ಮ ಚೀಲದಿಂದ ಇನ್ನೂ ಆರು ಪ್ಯಾಕೆಟ್ ತೆಗೆದು ಮೇಜಿನ ಮೇಲೆ ಇಟ್ಟರು. ಎಲ್ಲದರ ಫೋಟೋ ತೆಗೆದೇ ಹೋದರು.

ಮುಂದಿನ ಸಲ ಮಗನನ್ನೂ ಕರೆತರುತ್ತಾರಂತೆ. ಅವನಿಗೆ ಒಂಬತ್ತು ವರ್ಷ. ಈಚೆಗೆ ತಾನೇ ಲೇಬಲ್ ಓದಲು ಶುರು ಮಾಡಿದ್ದಾನಂತೆ.